ಮೂರು ಸೆಂಟಿಮೀಟರ್

ಪುಣೆಯ ಹೊರವಲಯದ ಮನೆಯೊಂದರ ಮಹಡಿಯಲ್ಲಿ ಉದ್ದನೆಯ ಒಂದು ಕೋಣೆ. ಅದರ ನೆಲದ ತುಂಬ ನನ್ನ ಪ್ಯಾರಾಗ್ಲೈಡರನ್ನು ಹರಡಿದ್ದರು. ನನ್ನ ಎಡಗೈಯ ಪ್ಲಾಸ್ಟರ್ ಇನ್ನೂ ತೆಗೆದಿರಲಿಲ್ಲ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ರೆಕ್ಕೆ ತಪಾಸಣೆ ಮಾಡುವವರು ಒಂದೊಂದೇ ದಾರವನ್ನು ಕೊಕ್ಕೆಗೆ ಸಿಕ್ಕಿಸಿ, 5 ಕಿಲೋ ಭಾರದಷ್ಟು ಬಿಗಿ ಮಾಡಿ, ಲೇಸರ್ ಯಂತ್ರದಿಂದ ಅದರ ಉದ್ದ ಅಳೆದು ಬರೆದುಕೊಳ್ಳುತ್ತಿದ್ದರು. ಒಂದು ಗಂಟೆ ಮಾತೇ ಇಲ್ಲ. ಆಮೇಲೆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಹೇಳಿದರು: "ನೋಡಿ ಸರ್, ಹಿಂದಿನ ಸಾಲಿನ ದಾರಗಳು ಮೂರು ಸೆಂಟಿಮೀಟರ್ ಗಿಡ್ಡ ಆಗಿವೆ."

ಮೂರು ಸೆಂಟಿಮೀಟರ್ ಅಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಏಳು ಮೀಟರ್ ಉದ್ದದ ದಾರದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ನನ್ನ ಮಣಿಕಟ್ಟು ಮುರಿದದ್ದು ಅಷ್ಟರಿಂದ.

ಆ ರೆಕ್ಕೆಯನ್ನು ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಪುಣೆ ಹತ್ತಿರದ ಕಾಮ್‌ಶೇತ್ ಗುಡ್ಡಗಳಲ್ಲಿ ಹಾರಲು ಕಲಿತು ಎರಡು ಚಳಿಗಾಲ ಕಳೆದಿದ್ದವು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿ, ಶನಿವಾರ ಭಾನುವಾರ ಹಾರಿ, ಸೋಮವಾರ ಬೆಳಿಗ್ಗೆ ನೇರ ಆಫೀಸಿಗೆ ಬರುವ ಹುಚ್ಚು. ಕಲಿಯುವವರ ರೆಕ್ಕೆ ಸಾಕಾಯಿತು, ಮಧ್ಯಮ ಹಂತದ್ದು ಬೇಕು ಅನ್ನಿಸಿತು. ಮಾರುತ್ತಿದ್ದವರು, "ನಾಲ್ಕು ವರ್ಷದ್ದು, ಆದರೆ ಎರಡು ವರ್ಷ ಬೀರುವಿನಲ್ಲೇ ಇತ್ತು, ಹಾರಿಸಿದ್ದು ಕಡಿಮೆ" ಎಂದರು. ಬಣ್ಣ ಮಾಸಿರಲಿಲ್ಲ, ಎಲ್ಲೂ ತೇಪೆ ಇರಲಿಲ್ಲ. ತಪಾಸಣೆಯ ಹಾಳೆ ಇದೆಯೇ ಎಂದು ನಾನು ಕೇಳಲಿಲ್ಲ. ಆ ಮಳೆಗಾಲವಿಡೀ ಅದನ್ನು ನನ್ನ ಕಾರಿನ ಡಿಕ್ಕಿಯಲ್ಲಿ, ಒದ್ದೆ ರೇನ್‌ಕೋಟಿನ ಪಕ್ಕದಲ್ಲಿ ಇಟ್ಟುಕೊಂಡವನೂ ನಾನೇ.

ಫೆಬ್ರುವರಿಯ ಒಂದು ಬೆಳಿಗ್ಗೆ ಗುಡ್ಡದ ಮೇಲೆ ರೆಕ್ಕೆ ಎತ್ತಿದೆ. ಅದು ಸೋಮಾರಿಯಂತೆ ಎದ್ದು, ತಲೆಯ ಮೇಲಕ್ಕೆ ಬರದೆ ಬೆನ್ನ ಹಿಂದೆಯೇ ನಿಂತಿತು. ಗಾಳಿ ಕಡಿಮೆ ಅಂದುಕೊಂಡು ಓಡಿದೆ. ಕಾಲು ನೆಲ ಬಿಟ್ಟಿತು. ಬ್ರೇಕ್ ಸ್ವಲ್ಪ ಎಳೆದೆ. ಮರುಕ್ಷಣ ರೆಕ್ಕೆ ಹಾರುವುದನ್ನು ನಿಲ್ಲಿಸಿತು. ಎರಡಾಳು ಎತ್ತರದಿಂದ ಕೆಳಗೆ ಬಿದ್ದೆ. ಬೀಳುವಾಗ ಕೈ ಊರಿದೆ. ಅಷ್ಟೇ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಬೈದದ್ದು ಗಾಳಿಯನ್ನು.

ಆ ಮೂರು ಸೆಂಟಿಮೀಟರ್ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಿಡಿದು, ಕೈ ಕೂಡುವ ತನಕ ನಾನು ಈ ರೆಕ್ಕೆಯ ಇತಿಹಾಸ ಓದಿದೆ. ಸಾಹಸಿಗರ ಕಥೆಗಳು ಸಿಗುತ್ತವೆ ಅಂದುಕೊಂಡಿದ್ದೆ. ಅವು ಸಿಕ್ಕವು, ನಿಜ. ಆದರೆ ಅವಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಬಟ್ಟೆಯ ಕಥೆ, ದಾರದ ಕಥೆ, ಅಳತೆಯ ಕಥೆ.

*

ಬಟ್ಟೆ ನಮ್ಮ ಮನೆಗೆ ಹೊಸದಲ್ಲ. ನಮ್ಮ ಅಜ್ಜ ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತು ಬದುಕಿದವರು. ನೇಯ್ದ ಬಟ್ಟೆಯನ್ನು ಅವರು ಮೊದಲು ಬೆಳಕಿಗೆ ಹಿಡಿಯುತ್ತಿದ್ದರು, ಆಮೇಲೆ ತುಟಿಗೆ ಹಚ್ಚಿ ಊದುತ್ತಿದ್ದರು. ಚಿಕ್ಕವನಿದ್ದಾಗ ಯಾಕೆ ಎಂದು ಕೇಳಿದ್ದಕ್ಕೆ, "ಬಟ್ಟಿ ಕಣ್ಣಿಗೆ ಚಂದ ಕಂಡ್ರ ಆಗಲಿಲ್ಲಪಾ, ಉಸುರಿಗೆ ಏನಂತದ ನೋಡಬೇಕು" ಅಂದಿದ್ದರು. ಆ ಮಾತು ನನಗೆ ಪುಣೆಯ ಆ ಮಹಡಿಯಲ್ಲಿ ಮತ್ತೆ ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮನುಷ್ಯ ಬಟ್ಟೆ ಕಟ್ಟಿಕೊಂಡು ಗುಡ್ಡದಿಂದ ಹಾರಿದ್ದರ ನಂಬಲರ್ಹ ಇತಿಹಾಸ ಜರ್ಮನಿಯ ಓಟೋ ಲಿಲಿಯೆಂತಾಲ್ ಅವರಿಂದ ಶುರುವಾಗುತ್ತದೆ. ವೃತ್ತಿಯಿಂದ ಎಂಜಿನಿಯರ್. ತಮ್ಮ ಗುಸ್ತಾವ್ ಜೊತೆ ಸೇರಿ ವರ್ಷಗಟ್ಟಲೆ ಹಕ್ಕಿಯ ರೆಕ್ಕೆಯ ಬಾಗು, ಗಾಳಿಯ ಒತ್ತಡ ಅಳೆದು, 1889ರಲ್ಲಿ ಅದನ್ನು ಪುಸ್ತಕ ಮಾಡಿದರು. ಹಾರಿದ್ದು ಅದಾದ ಎರಡು ವರ್ಷಕ್ಕೆ, 1891ರಲ್ಲಿ. ಮೊದಲು ಅಳತೆ, ಆಮೇಲೆ ಹಾರಾಟ. ಬರ್ಲಿನ್ ಹತ್ತಿರ ಅಭ್ಯಾಸಕ್ಕೆಂದೇ ಒಂದು ಮಣ್ಣಿನ ದಿಬ್ಬ ಕಟ್ಟಿಸಿಕೊಂಡರು. ಯಾವ ದಿಕ್ಕಿನಿಂದ ಗಾಳಿ ಬಂದರೂ ಅದಕ್ಕೆ ಎದುರಾಗಿ ಓಡಲು ಆಗುವಂಥ ದುಂಡನೆಯ ದಿಬ್ಬ. ಕೋಲಿನ ಚೌಕಟ್ಟಿಗೆ ಹತ್ತಿ ಬಟ್ಟೆ ಬಿಗಿದ ರೆಕ್ಕೆಗಳಲ್ಲಿ ಅವರು ಸುಮಾರು 2000 ಸಲ ಹಾರಿದರು.

1896ರ ಆಗಸ್ಟ್ 9ರಂದು, ಒಳ್ಳೆಯ ಬಿಸಿಲಿನ ದಿನ, ನೆಲ ಕಾದು ಎದ್ದ ಗಾಳಿ ಅವರ ರೆಕ್ಕೆಯ ಮೂತಿಯನ್ನು ಮೇಲೆತ್ತಿತು. ರೆಕ್ಕೆ ವೇಗ ಕಳೆದುಕೊಂಡು ಗಾಳಿಯಲ್ಲೇ ನಿಂತಿತು. ಸುಮಾರು 15 ಮೀಟರ್ ಎತ್ತರದಿಂದ ಬಿದ್ದ ಲಿಲಿಯೆಂತಾಲ್ ಮರುದಿನ ಬರ್ಲಿನ್ನಿನಲ್ಲಿ ತೀರಿಕೊಂಡರು. ಹೀಗೆ ರೆಕ್ಕೆ ಹಾರುವುದನ್ನು ನಿಲ್ಲಿಸುವುದಕ್ಕೆ ಹಾರಾಟಗಾರರ ಭಾಷೆಯಲ್ಲಿ ಸ್ಟಾಲ್ ಎನ್ನುತ್ತಾರೆ. ಕಾಮ್‌ಶೇತ್‌ನಲ್ಲಿ ನನಗಾದದ್ದೂ ಅದೇ. ನನ್ನ ಪುಣ್ಯಕ್ಕೆ ಎತ್ತರ ಕಡಿಮೆ ಇತ್ತು.

ಲಿಲಿಯೆಂತಾಲ್ ಅವರನ್ನು ಭೇಟಿಯಾಗಿ, ಅವರ ಒಂದು ರೆಕ್ಕೆಯನ್ನೂ ಕೊಂಡಿದ್ದ ಪರ್ಸಿ ಪಿಲ್ಚರ್ ಎಂಬ ಬ್ರಿಟಿಷ್ ತರುಣನ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಡಿತು. 1899ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ಸ್ಟ್ಯಾನ್‌ಫರ್ಡ್ ಹಾಲ್‌ನಲ್ಲಿ ಗಣ್ಯರೆದುರು ತಾನು ಕಟ್ಟಿದ ಎಂಜಿನ್ ಇರುವ ವಿಮಾನ ತೋರಿಸಬೇಕೆಂದಿದ್ದ. ಎಂಜಿನ್ ಕೆಟ್ಟಿತು. ದಿನವೂ ಮಳೆಯದು. ಬಂದವರನ್ನು ಬರಿಗೈಲಿ ಕಳಿಸಬಾರದೆಂದು, ಮಳೆಯಲ್ಲಿ ತೊಯ್ದಿದ್ದ ತನ್ನ ಹಳೆಯ ಗ್ಲೈಡರನ್ನೇ ಹಾರಿಸಲು ಹೊರಟ. ಗಾಳಿಯಲ್ಲಿ ಬಾಲದ ಭಾಗ ಮುರಿಯಿತು. ಎರಡು ದಿನಕ್ಕೆ ಪಿಲ್ಚರ್ ತೀರಿಕೊಂಡ. ಅವನಿಗೆ ಹಾರಲು ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಅವನನ್ನು ಕೊಂದದ್ದು ಒದ್ದೆ ಬಟ್ಟೆಯ ಭಾರ, ಕೈಕೊಟ್ಟ ಕಟ್ಟು, ಮತ್ತು ನೋಡಲು ಬಂದ ಜನರ ಮುಲಾಜು.

ಮೂರನೆಯದನ್ನು ನಾನು ಚೆನ್ನಾಗಿ ಬಲ್ಲೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದೇನೆ, ಗೆಳೆಯರೆಲ್ಲ ಹಾರುತ್ತಿದ್ದಾರೆ, ನಾನು ಹಾಗೇ ವಾಪಸ್ ಹೋಗುವುದೇ? ಗುಡ್ಡದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳದವರು ಕಡಿಮೆ.

*

ಲಿಲಿಯೆಂತಾಲ್, ಪಿಲ್ಚರ್ ಇಬ್ಬರದೂ ಕೋಲುಗಳಿದ್ದ ರೆಕ್ಕೆ. ನಮ್ಮದಕ್ಕೆ ಎಲುಬೇ ಇಲ್ಲ. ಇಪ್ಪತ್ತೈದು ಚದರ ಮೀಟರಿನಷ್ಟು ಬಟ್ಟೆ, 200 ಮೀಟರಿಗೂ ಮಿಕ್ಕಿದ ದಾರ, ಎಲ್ಲ ಸೇರಿ ತೂಕ ಐದು ಕಿಲೋದ ಆಸುಪಾಸು. ಮಡಚಿ ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಬಹುದು. ಈ ಎಲುಬಿಲ್ಲದ ರೆಕ್ಕೆ ಹುಟ್ಟಿದ್ದು ಅರವತ್ತರ ದಶಕದ ಅಮೆರಿಕದಲ್ಲಿ.

ಅದಕ್ಕೂ ಮೊದಲು, 1948ರಲ್ಲಿ, ಫ್ರಾನ್ಸಿಸ್ ರೊಗಾಲೊ ಮತ್ತು ಗೆರ್ಟ್ರೂಡ್ ರೊಗಾಲೊ ದಂಪತಿ ಮಡಚಬಹುದಾದ ರೆಕ್ಕೆಯೊಂದನ್ನು ಮಾಡಿದ್ದರು. ಮೊದಲ ಮಾದರಿಯನ್ನು ಗೆರ್ಟ್ರೂಡ್ ಹೊಲಿದದ್ದು ಅಡುಗೆಮನೆಯ ಪರದೆಯ ಬಟ್ಟೆಯಿಂದ. ಹ್ಯಾಂಗ್ ಗ್ಲೈಡರಿನ ವಂಶ ಅಲ್ಲಿಂದ ಶುರು. ನಮ್ಮ ರೆಕ್ಕೆಯ ನೇರ ಪೂರ್ವಜ ಮಾತ್ರ ಡೊಮಿನಾ ಜಾಲ್ಬರ್ಟ್ ಅವರದು. ಬಲೂನು, ಗಾಳಿಪಟಗಳಲ್ಲೇ ಕೈ ಪಳಗಿಸಿಕೊಂಡಿದ್ದ ಜಾಲ್ಬರ್ಟ್ 1964ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದರು. ಎರಡು ಪದರ ಬಟ್ಟೆ. ನಡುವೆ ಅಡ್ಡಗೋಡೆ ಹೊಲಿದು ಮಾಡಿದ ಸಾಲು ಕೋಣೆಗಳು. ಮುಂದಿನ ಅಂಚು ತೆರೆದ ಬಾಯಿ, ಹಿಂದಿನ ಅಂಚು ಮುಚ್ಚಿದ್ದು. ಮುಂದಕ್ಕೆ ಚಲಿಸಿದಾಗ ಬಾಯಿಯಿಂದ ಒಳನುಗ್ಗಿದ ಗಾಳಿ ಹೊರಹೋಗಲು ದಾರಿಯಿಲ್ಲದೆ ಕೋಣೆಗಳನ್ನು ಉಬ್ಬಿಸುತ್ತದೆ. ಆಗ ಬಟ್ಟೆ ವಿಮಾನದ ರೆಕ್ಕೆಯ ಆಕಾರ ತಾಳುತ್ತದೆ. ಗಾಳಿಯೇ ಎಲುಬು. ಗಾಳಿ ಹೋದರೆ ಎಲುಬೂ ಹೋಯಿತು.

ಇದರ ಹಿಂದೆ ನೈಲಾನಿನ ಕಥೆಯೂ ಇದೆ. ಪ್ಯಾರಾಚೂಟುಗಳು ಮೊದಲು ರೇಷ್ಮೆಯವು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತಾಗ ಪ್ಯಾರಾಚೂಟಿನ ಬೇಡಿಕೆಯಿಂದ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಬೆಲೆ ಬಂದಿತ್ತು. ಅದೇ ಯುದ್ಧಕಾಲದಲ್ಲಿ ರೇಷ್ಮೆಯ ಜಾಗಕ್ಕೆ ಬಂದದ್ದು ನೈಲಾನ್. ಈಗ ನಮ್ಮ ರೆಕ್ಕೆಗೆ ಬಳಸುವ ನೈಲಾನ್ ಬಟ್ಟೆಯಲ್ಲಿ ಹಾಸಿನಲ್ಲೂ ಹೊಕ್ಕಿನಲ್ಲೂ ಕೆಲವು ಮಿಲಿಮೀಟರಿಗೊಂದು ದಪ್ಪ ಎಳೆ ಇರುತ್ತದೆ. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚೌಕಗಳು. ಹರಿಯಲು ಶುರುವಾದ ಬಟ್ಟೆ ಆ ದಪ್ಪ ಎಳೆಗೆ ಬಂದು ತಡೆಯುತ್ತದೆ. ಅದರ ಮೇಲೆ ಗಾಳಿ ಸೋರದಂತೆ ತೆಳುವಾದ ಲೇಪನ. ಆ ಲೇಪನದ ಆಯಸ್ಸೇ ರೆಕ್ಕೆಯ ಆಯಸ್ಸು.

1965ರಲ್ಲಿ ನ್ಯೂಯಾರ್ಕ್ ರಾಜ್ಯದ ಹಂಟರ್ ಬೆಟ್ಟದ ಇಳಿಜಾರಿನಲ್ಲಿ ಡೇವಿಡ್ ಬ್ಯಾರಿಶ್ ತಮ್ಮದೇ ವಿನ್ಯಾಸದ ಬಟ್ಟೆಯ ರೆಕ್ಕೆ ಹಿಡಿದು ತೇಲಿದರು. ಆದರೆ ಆ ಆಟ ಆಗ ಬೇರು ಬಿಡಲಿಲ್ಲ. ಬೇರು ಬಿಟ್ಟದ್ದು ಫ್ರಾನ್ಸಿನಲ್ಲಿ, ಅದೂ ದುಡ್ಡು ಉಳಿಸುವ ಯೋಚನೆಯಿಂದ. ಮಿಯೂಸಿ ಎಂಬ ಆಲ್ಪ್ಸ್ ಹಳ್ಳಿಯ ಬಳಿ ಪ್ಯಾರಾಚೂಟ್ ಹವ್ಯಾಸಿಗಳಿದ್ದರು. ಪ್ರತಿ ಜಿಗಿತಕ್ಕೂ ವಿಮಾನದ ಖರ್ಚು. ಬೆಟ್ಟದ ಮೇಲಿಂದಲೇ ಓಡಿ ಹಾರಿದರೆ ಹೇಗೆ? 1978ರ ಜೂನ್‌ನಲ್ಲಿ ಝಾನ್ ಕ್ಲೋಡ್ ಬೆತಾಂಪ್, ಆಂದ್ರೆ ಬೋನ್, ಜೆರಾರ್ ಬೊಸ್ಸೋಂ ಪೆರ್ತ್ಯುಯಿಸೆ ಬೆಟ್ಟ ಹತ್ತಿದರು. ಬೆತಾಂಪ್ ಮೊದಲು ಓಡಿ ಗಾಳಿಗೇರಿದರು. ಬೋನ್ ಸುಮಾರು ಒಂದು ಸಾವಿರ ಮೀಟರ್ ಕೆಳಗಿನ ಕಣಿವೆಯ ಫುಟ್‌ಬಾಲ್ ಮೈದಾನದಲ್ಲಿ ಇಳಿದರು. ಇಳಿಜಾರಿಗೆ ಫ್ರೆಂಚಿನಲ್ಲಿ ಪಾಂತ್. ಹಾಗಾಗಿ ಆಟದ ಹೆಸರು ಪಾರಪಾಂತ್ ಆಯಿತು.

ಅಲ್ಲಿಂದ ಓಟ ಜೋರಾಯಿತು. ಮೊದಲಿನ ಪ್ಯಾರಾಚೂಟುಗಳು ಒಂದು ಮೀಟರ್ ಇಳಿದರೆ ಮೂರು ಮೀಟರ್ ಮುಂದೆ ಹೋಗುತ್ತಿದ್ದವು. ಇಂದಿನ ಮಧ್ಯಮ ಹಂತದ ರೆಕ್ಕೆ ಒಂಬತ್ತು ಮೀಟರಿನ ಹತ್ತಿರ ಹೋಗುತ್ತದೆ. 1988ರ ಸೆಪ್ಟೆಂಬರ್ 26ರಂದು ಝಾನ್ ಮಾರ್ಕ್ ಬೊವಾನ್ ಎವರೆಸ್ಟ್ ತುದಿಯಿಂದಲೇ ಹಾರಿ, ಸುಮಾರು ಹನ್ನೊಂದು ಹನ್ನೆರಡು ನಿಮಿಷದಲ್ಲಿ ಎರಡನೇ ಕ್ಯಾಂಪಿಗೆ ಇಳಿದರು. ಮರುವರ್ಷ ಆಸ್ಟ್ರಿಯಾದ ಕೋಸೆನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ರೆಕ್ಕೆ ಉದ್ದವಾಯಿತು, ಕಿರಿದಾಯಿತು. ದಾರಗಳು ಸಪೂರವಾದವು, ಸಂಖ್ಯೆಯಲ್ಲೂ ಕಡಿಮೆಯಾದವು. ದೂರ ಹೋಗುವ ರೆಕ್ಕೆ ಮುನಿಸಿಕೊಳ್ಳುವುದೂ ಬೇಗ. ಒರಟು ಗಾಳಿಯಲ್ಲಿ ಅರ್ಧ ರೆಕ್ಕೆ ಮಡಚಿಕೊಂಡರೆ ಅದು ಗಿರಗಿರ ತಿರುಗಲು ಶುರುವಾಗುತ್ತಿತ್ತು. ಜನ ಸತ್ತರು.

*

ಆಗ ಯುರೋಪಿನ ಹಾರಾಟಗಾರರು ಮಾಡಿದ ಕೆಲಸ ನನಗೆ ಎವರೆಸ್ಟ್ ಹಾರಾಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ರೆಕ್ಕೆಗೆ ಪರೀಕ್ಷೆ ಇಟ್ಟರು. ಫ್ರಾನ್ಸಿನದು ಒಂದು ಪದ್ಧತಿ, ಜರ್ಮನಿಯದು ಇನ್ನೊಂದು. ಜರ್ಮನಿಯ ಹ್ಯಾಂಗ್ ಗ್ಲೈಡಿಂಗ್ ಸಂಘ ರೆಕ್ಕೆಗಳನ್ನು 1, 1-2, 2, 2-3, 3 ಎಂದು ವಿಂಗಡಿಸಿತು. ಮುಂದೆ 926 ಸಂಖ್ಯೆಯ ಯುರೋಪಿಯನ್ ಮಾನದಂಡ ಬಂದು ಆ ಜಾಗದಲ್ಲಿ ಎ, ಬಿ, ಸಿ, ಡಿ ಅಕ್ಷರಗಳು ಕೂತವು.

ಪರೀಕ್ಷೆ ನಡೆಯುವುದು ಹೀಗೆ. ಮೊದಲು ನೆಲದ ಮೇಲೆ ಬಲದ ಪರೀಕ್ಷೆ: ಗರಿಷ್ಠ ಭಾರದ ಎಂಟು ಪಟ್ಟು ಎಳೆತವನ್ನು ದಾರ, ಹೊಲಿಗೆ, ಬಟ್ಟೆ ತಡೆಯಬೇಕು. ಆಮೇಲೆ ಹಾರಾಟ. ಪರೀಕ್ಷಕ ಪೈಲಟ್ ಸಾಮಾನ್ಯವಾಗಿ ಸರೋವರದ ಮೇಲೆ ಹಾರುತ್ತಾ, ಬೇಕೆಂದೇ ರೆಕ್ಕೆಯನ್ನು ಕೆಡಿಸುತ್ತಾನೆ. ಒಂದು ಬದಿ ಮಡಚುತ್ತಾನೆ, ಮುಂದಿನ ಅಂಚನ್ನೇ ಮುಚ್ಚುತ್ತಾನೆ, ಸ್ಟಾಲ್ ಮಾಡುತ್ತಾನೆ, ಸುರುಳಿ ಸುತ್ತುತ್ತಾನೆ. ಆಮೇಲೆ ಕೈಬಿಟ್ಟು ನೋಡುತ್ತಾನೆ. ರೆಕ್ಕೆ ತಾನಾಗಿ ತೆರೆದುಕೊಂಡಿತೇ? ಅಷ್ಟರಲ್ಲಿ ಎಷ್ಟು ಡಿಗ್ರಿ ತಿರುಗಿತು? ಎಷ್ಟು ಮುಂದಕ್ಕೆ ಧುಮುಕಿತು? ಪ್ರತಿ ಪ್ರಶ್ನೆಗೂ ಒಂದು ಅಕ್ಷರ. ಎಲ್ಲಕ್ಕಿಂತ ಕೆಟ್ಟ ಅಕ್ಷರವೇ ರೆಕ್ಕೆಯ ಅಕ್ಷರ. ಹತ್ತು ವಿಷಯದಲ್ಲಿ ಎ ಬಂದು ಒಂದರಲ್ಲಿ ಬಿ ಬಂದರೂ ಅದು ಬಿ.

ಆ ಬಿ ಅಕ್ಷರವೇ ಮಧ್ಯಮ ಹಂತ. ಈ ಅಕ್ಷರದ ಹೊಟ್ಟೆ ದೊಡ್ಡದು. ಶಾಲೆ ಮುಗಿಸಿದವರು ಮರುದಿನವೇ ಹಾರಬಹುದಾದ ಸೌಮ್ಯ ಬಿ ಇದೆ. ವರ್ಷಗಟ್ಟಲೆ ಹಾರಿದವರು ನೂರು ಕಿಲೋಮೀಟರ್ ದಾಟುವ ಚುರುಕು ಬಿ ಕೂಡ ಇದೆ. ಮಾನದಂಡ ಇವೆರಡನ್ನು ಬೇರೆ ಮಾಡುವುದಿಲ್ಲ; ಹಾರಾಟಗಾರರು ಬಾಯಿಮಾತಿನಲ್ಲಿ ಕೆಳಗಿನ ಬಿ, ಮೇಲಿನ ಬಿ ಎನ್ನುತ್ತಾರೆ. ಕೊಳ್ಳುವವನ ಹೆಮ್ಮೆ ಸಹಜವಾಗಿ ಮೇಲಿನದನ್ನೇ ಬಯಸುತ್ತದೆ. ಮಧ್ಯಮ ಹಂತದ ಕಾಯಿಲೆ ಎಂಬ ಮಾತೂ ಅವರಲ್ಲಿದೆ. ಹೊಸಬನಿಗೆ ಭಯ ಇರುತ್ತದೆ, ಹಳಬನಿಗೆ ತಿಳಿವಳಿಕೆ ಇರುತ್ತದೆ. ನಡುವಿನವನಿಗೆ ಭಯ ಹೋಗಿರುತ್ತದೆ, ತಿಳಿವಳಿಕೆ ಇನ್ನೂ ಬಂದಿರುವುದಿಲ್ಲ. ನಾನು ಬಿದ್ದದ್ದು ಆ ಅವಧಿಯಲ್ಲೇ.

ಈ ಅಕ್ಷರ ಏನು ಹೇಳುತ್ತದೆ ಎನ್ನುವಷ್ಟೇ ಮುಖ್ಯ, ಏನು ಹೇಳುವುದಿಲ್ಲ ಎನ್ನುವುದು. ಪರೀಕ್ಷೆಗೆ ಬಂದದ್ದು ಹೊಸ ರೆಕ್ಕೆ. ಶಾಂತ ಗಾಳಿ. ಪೈಲಟ್ ನಿಪುಣ. ಅವನ ಭಾರ ರೆಕ್ಕೆಗೆ ನಿಗದಿಯಾದ ಮಿತಿಯೊಳಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ದಾರಗಳನ್ನು ಅಳೆದು ಕೈಪಿಡಿಯಲ್ಲಿ ಅಚ್ಚಾದ ಉದ್ದಕ್ಕೆ ತಾಳೆ ನೋಡಿದ್ದರು. ಬಿ ಎಂಬ ಮಾತು ಆ ಉದ್ದದ ದಾರಗಳಿಗೆ ಕೊಟ್ಟ ಮಾತು. ದಾರ ಗಿಡ್ಡವಾದ ಮೇಲೆ ನನ್ನ ರೆಕ್ಕೆಯ ಮೇಲಿನ ಬಿ ಬರೀ ಅಚ್ಚು.

*

ದಾರ ಯಾಕೆ ಗಿಡ್ಡವಾಗುತ್ತದೆ? ನಮ್ಮ ದಾರಗಳಲ್ಲಿ ಎರಡು ಜಾತಿ. ಒಂದು ಅರಾಮಿಡ್. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನಶಾಸ್ತ್ರಜ್ಞೆಯ ಕೆಲಸದಿಂದ ಹುಟ್ಟಿದ ಕೆವ್ಲಾರ್ ಈ ಕುಲದ್ದು. ಇದರ ಉದ್ದ ಬದಲಾಗುವುದು ಕಡಿಮೆ, ಆದರೆ ಬಿಸಿಲು ಮತ್ತು ಪದೇಪದೇ ಮಡಚುವುದರಿಂದ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಡೈನೀಮಾ. ಮಡಚಿದರೂ ಗಟ್ಟಿ, ಆದರೆ ಒದ್ದೆಯಾಗಿ, ಎಳೆತವಿಲ್ಲದೆ ಉಳಿದರೆ ಕುಗ್ಗುತ್ತದೆ. ಹಾರುವಾಗ ಭಾರದ ದೊಡ್ಡ ಪಾಲು ಮುಂದಿನ ಸಾಲುಗಳ ಮೇಲೆ. ಅವು ದಿನವೂ ಎಳೆತಕ್ಕೆ ಸಿಕ್ಕಿ ನೆಟ್ಟಗಿರುತ್ತವೆ. ಹಿಂದಿನ ಸಾಲಿಗೆ ಕೆಲಸ ಕಡಿಮೆ. ಅವು ಸದ್ದಿಲ್ಲದೆ ಕುಗ್ಗುತ್ತವೆ. ಹಿಂದಿನವು ಗಿಡ್ಡವಾದರೆ ರೆಕ್ಕೆಯ ಹಿಂದಂಚು ಸದಾ ಸ್ವಲ್ಪ ಕೆಳಕ್ಕೆ ಎಳೆದಿರುತ್ತದೆ. ಬ್ರೇಕ್ ಮುಟ್ಟದಿದ್ದರೂ ಬ್ರೇಕ್ ಹಾಕಿದ ಸ್ಥಿತಿ. ರೆಕ್ಕೆ ನಿಧಾನ ಏಳುತ್ತದೆ, ನಿಧಾನ ಹಾರುತ್ತದೆ, ಸ್ಟಾಲಿಗೆ ಹತ್ತಿರ ಇರುತ್ತದೆ. ನಾನು ಅವತ್ತು ಎಳೆದದ್ದು ಸ್ವಲ್ಪವೇ ಬ್ರೇಕ್. ಉಳಿದದ್ದನ್ನು ಕಾರಿನ ಡಿಕ್ಕಿ ಮೊದಲೇ ಎಳೆದಿಟ್ಟಿತ್ತು.

ದಾರ ಅಳೆದ ಮೇಲೆ ತಪಾಸಣೆಯವರು ಸಣ್ಣದೊಂದು ಯಂತ್ರವನ್ನು ಬಟ್ಟೆಗೆ ಕಚ್ಚಿಸಿದರು. ಕಾಲು ಲೀಟರ್ ಗಾಳಿ ಬಟ್ಟೆಯ ಮೂಲಕ ಸೋರಲು ಎಷ್ಟು ಸೆಕೆಂಡ್ ಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಹೊಸ ಬಟ್ಟೆಗೆ ನೂರಾರು ಸೆಕೆಂಡ್ ಬೇಕು. ಲೇಪನ ಸತ್ತ ಬಟ್ಟೆ ಹತ್ತು ಹದಿನೈದು ಸೆಕೆಂಡಿನಲ್ಲೇ ಬಿಟ್ಟುಕೊಡುತ್ತದೆ. ಯಂತ್ರದ ಮುಳ್ಳು ನೋಡುತ್ತಾ ನನಗೆ ಅಜ್ಜನ ತುಟಿಗೆ ಹಚ್ಚಿದ ಬಟ್ಟೆ ಕಂಡಿತು. ಉಸುರಿಗೆ ಏನಂತದ ನೋಡಬೇಕು. ನನ್ನ ಬಟ್ಟೆ ಪಾಸಾಯಿತು. ಮುಂದಿನ ಸಾಲಿನ ಒಂದು ದಾರವನ್ನು ಬಿಚ್ಚಿ, ಯಂತ್ರಕ್ಕೆ ಸಿಕ್ಕಿಸಿ, ಹರಿಯುವ ತನಕ ಎಳೆದು ಬಲವನ್ನೂ ನೋಡಿದರು. ಅದೂ ಪಾಸು. ಫೇಲಾದದ್ದು ಉದ್ದ ಮಾತ್ರ.

ಆ ದಿನ ಅವರು ಹೇಳಿದ್ದನ್ನೂ, ಆಮೇಲೆ ನಾನು ಕಲಿತದ್ದನ್ನೂ ಹಾರುವ ಆಸೆಯ ಓದುಗರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ. ಬಟ್ಟೆಯ ಮೊದಲ ಶತ್ರು ಬಿಸಿಲು. ಹಾರಿ ಇಳಿದ ಮೇಲೆ ರೆಕ್ಕೆಯನ್ನು ಮೈದಾನದಲ್ಲಿ ಹರಡಿಟ್ಟು ಚಹಾ ಕುಡಿಯಲು ಹೋಗಬಾರದು. ಒದ್ದೆಯಾದರೆ ನೆರಳಿನಲ್ಲಿ ಒಣಗಿಸಬೇಕು. ಕಡಲ ನೀರು ತಾಗಿದರೆ ಸಿಹಿನೀರಿನಲ್ಲಿ ಅದ್ದಬೇಕು. ಸೋಪು, ಬ್ರಷ್ ಬೇಡ. ಮರಳು ಜಾಡಿಸಬೇಕು, ಒಳಗೆ ಮಿಡತೆ ಸಿಕ್ಕಿಕೊಂಡಿದ್ದರೆ ತೆಗೆಯಬೇಕು, ಇಲ್ಲದಿದ್ದರೆ ಅದು ಬಟ್ಟೆಯನ್ನೇ ಕಡಿದು ಹೊರಬರುತ್ತದೆ. ಮನೆಯಲ್ಲಿ ಬಿಗಿಯಾಗಿ ಸುತ್ತದೆ, ಒಣಗಿದ ತಂಪು ಜಾಗದಲ್ಲಿ ಸಡಿಲವಾಗಿ ಇಡಬೇಕು. ಕಾರಿನ ಡಿಕ್ಕಿ ಒಣಗಿದ್ದೂ ಅಲ್ಲ, ತಂಪೂ ಅಲ್ಲ. ಎರಡು ವರ್ಷಕ್ಕೊಮ್ಮೆ ಅಥವಾ ನೂರು ಗಂಟೆ ಹಾರಿದ ಮೇಲೆ, ಯಾವುದು ಮೊದಲೋ ಆಗ, ಪೂರ್ತಿ ತಪಾಸಣೆ ಎಂಬುದು ಸಾಮಾನ್ಯ ನಿಯಮ; ನಿಮ್ಮ ರೆಕ್ಕೆಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಮರಕ್ಕೆ ಸಿಕ್ಕಿಕೊಂಡರೆ, ನೀರಿಗೆ ಬಿದ್ದರೆ, ಅವಧಿ ಕಾಯದೆ ತೋರಿಸಬೇಕು. ಆಪತ್ಕಾಲದ ರಿಸರ್ವ್ ಪ್ಯಾರಾಚೂಟನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಗಾಳಿಗೆ ಹಿಡಿದು, ಬಲ್ಲವರ ಕೈಯಿಂದ ಮತ್ತೆ ಮಡಚಿಸಬೇಕು. ನಮ್ಮನ್ನು ರೆಕ್ಕೆಗೆ ಸೇರಿಸುವ ಎರಡು ಲೋಹದ ಕೊಕ್ಕೆಗಳಿಗೂ ಆಯಸ್ಸು ಇದೆ, ನೋಡಲು ಹೊಸದರಂತೆಯೇ ಇದ್ದರೂ.

ಹಾರುವ ಮುನ್ನ ಐದು ಸಂಗತಿ ನೋಡುವುದು ಜರ್ಮನಿಯಲ್ಲಿ ರೂಢಿಯಾದ ಕ್ರಮ: ಹೆಲ್ಮೆಟ್ಟು ಮತ್ತು ಪಟ್ಟಿಗಳು, ದಾರಗಳು, ಹರಡಿದ ರೆಕ್ಕೆ, ಗಾಳಿ, ಎದುರಿನ ಆಕಾಶ. ಕಾಲಿನ ಪಟ್ಟಿ ಹಾಕುವುದನ್ನೇ ಮರೆತು ಹಾರಿ ಸತ್ತವರಿದ್ದಾರೆ. ಅದರಲ್ಲಿ ಅನುಭವಿಗಳೂ ಇದ್ದರು ಎಂಬುದನ್ನು ನೆನಪಿಡಬೇಕು. ಇನ್ನೊಂದು ಮಾತು: ರೆಕ್ಕೆ ಸರಿಯಾಗಿ ತಲೆಯ ಮೇಲಕ್ಕೆ ಬರದಿದ್ದರೆ ಓಡಬಾರದು. ನಿಲ್ಲಬೇಕು, ಕೆಳಗಿಳಿಸಬೇಕು, ಯಾಕೆ ಎಂದು ಕೇಳಬೇಕು. ನಾನು ಕೇಳಲಿಲ್ಲ.

*

ರೆಕ್ಕೆ ಎಷ್ಟೇ ಸರಿಯಿದ್ದರೂ ಆಕಾಶಕ್ಕೆ ಅದರ ಅಕ್ಷರ ಓದಲು ಬರುವುದಿಲ್ಲ. 2007ರ ಫೆಬ್ರುವರಿ 14ರಂದು ಆಸ್ಟ್ರೇಲಿಯಾದ ಮನಿಲ್ಲಾ ಊರಿನ ಬಳಿ, ವಿಶ್ವ ಚಾಂಪಿಯನ್‌ಶಿಪ್ಪಿಗೆ ಮುಂಚಿನ ಅಭ್ಯಾಸದ ದಿನಗಳಲ್ಲಿ, ಜರ್ಮನಿಯ ತಂಡದ ಎವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗುಮೋಡವೊಂದು ಒಳಗೆಳೆದುಕೊಂಡಿತು. ಅವರ ಜೊತೆಗಿದ್ದ ಉಪಕರಣ ದಾಖಲಿಸಿದ ಗರಿಷ್ಠ ಎತ್ತರ 9946 ಮೀಟರ್. ಎವರೆಸ್ಟಿಗಿಂತ ಮೇಲೆ, ಪ್ರಜ್ಞೆ ಇಲ್ಲದೆ, ಮೈಮೇಲೆ ಹಿಮ ಕಟ್ಟಿಕೊಂಡು ಅವರು ಹಾರಿದರು. ಎಚ್ಚರವಾಗಿ, ಹೊರಟ ಜಾಗದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಇಳಿದು, ಬದುಕಿದರು. ಅದೇ ಮೋಡಕ್ಕೆ ಸಿಕ್ಕ ಚೀನಾದ ಹಾರಾಟಗಾರ ಹೆ ಝೋಂಗ್‌ಪಿನ್ ಬದುಕಲಿಲ್ಲ. ಇಬ್ಬರೂ ಆಟದಲ್ಲಿ ಪಳಗಿದವರು. ಅವತ್ತು ಬೇಕಾಗಿದ್ದದ್ದು ಬೆಳೆಯುತ್ತಿರುವ ಮೋಡದಿಂದ ಬೇಗ ದೂರ ಸರಿಯುವುದು, ಅಥವಾ ನೆಲದ ಮೇಲೇ ಉಳಿಯುವುದು.

2011ರಲ್ಲಿ ಸ್ಪೇನಿನ ಪಿಯೆದ್ರಾಇತಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇಬ್ಬರು ಸತ್ತರು. ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಪರೀಕ್ಷೆಗೆ ಒಳಪಡದ ಸ್ಪರ್ಧಾ ರೆಕ್ಕೆಗಳಿಗೆ ಅಂಥ ಕೂಟಗಳ ಬಾಗಿಲು ಮುಚ್ಚಿತು. ಅತಿ ವೇಗದ ರೆಕ್ಕೆ ಬೇಕೆನ್ನುವವರು ಆಗ ಸಿಟ್ಟಾದರು. ನಾಲ್ಕು ವರ್ಷದ ನಂತರ ಹಿಮಾಚಲದ ಬೀಡ್ ಬಿಲಿಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಸುತ್ತು ನಡೆದಾಗ ಅದನ್ನು ನೋಡಿ ಮರುಳಾದ ಭಾರತೀಯರಲ್ಲಿ ನಾನೂ ಒಬ್ಬ. ಬಣ್ಣಬಣ್ಣದ ರೆಕ್ಕೆಗಳು ಮಾತ್ರ ನನ್ನ ಕಣ್ಣಿಗೆ ಬಿದ್ದಿದ್ದವು. ಅವುಗಳ ಹಿಂದೆ ಇದ್ದ ಅಳತೆಯ ಹಾಳೆಗಳು ಬಿದ್ದಿರಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ಉಳಿದ ತಿಳಿವಳಿಕೆ ಇದು. ಈ ಆಟದಲ್ಲಿ ಧೈರ್ಯಕ್ಕೆ ಎಂದೂ ಬರ ಇರಲಿಲ್ಲ. ಲಿಲಿಯೆಂತಾಲ್ ಕಾಲಕ್ಕೂ ಇತ್ತು. ನಂತರದ ನೂರು ವರ್ಷದಲ್ಲಿ ಸೇರಿದ್ದು ದಾಖಲೆ. ಯಾರೋ ಬಿದ್ದರು, ಉಳಿದವರು ಯಾಕೆ ಎಂದು ಕೇಳಿದರು, ಅಳೆದರು, ಬರೆದಿಟ್ಟರು, ಮುಂದಿನವನಿಗೆ ಕೊಟ್ಟರು. ಎ, ಬಿ, ಸಿ, ಡಿ ಅಕ್ಷರಗಳ ಹಿಂದೆ ಇರುವುದು ಆ ಸರಪಳಿ. ಅದು ಕಾರ್ಖಾನೆಯ ಬಾಗಿಲ ತನಕ ಬಂದು, ಅಲ್ಲಿಂದ ಮುಂದೆ ಕೊಂಡವನ ಕೈಗೆ ಬರುತ್ತದೆ. ನನಗೆ ಮಾರಿದವರ ಕೈಯಲ್ಲಿ ಅದು ಒಮ್ಮೆ ತುಂಡಾಗಿತ್ತು. ಕೇಳದೇ ಕೊಂಡ ನನ್ನ ಕೈಯಲ್ಲಿ ಇನ್ನೊಮ್ಮೆ.

ತಪಾಸಣೆಯವರು ಹಿಂದಿನ ದಾರಗಳನ್ನು ಬದಲಿಸಿ, ಮತ್ತೆ ಅಳೆದು, ಕೈಪಿಡಿಯ ಉದ್ದಕ್ಕೆ ತಂದುಕೊಟ್ಟರು. ಪ್ಲಾಸ್ಟರ್ ತೆಗೆದು ಎಷ್ಟೋ ವಾರಗಳಾದ ಮೇಲೆ ಗುಡ್ಡಕ್ಕೆ ಹೋದೆ. ಮೊದಲ ದಿನ ಹಾರಲಿಲ್ಲ. ಕೆಳಗಿನ ಮೈದಾನದಲ್ಲಿ ರೆಕ್ಕೆ ಎತ್ತಿ ಇಳಿಸುತ್ತಾ ಕಳೆದೆ. ಎತ್ತಿದ ಕೂಡಲೇ ಅದು ಬಂದು ತಲೆಯ ಮೇಲೆ ನಿಂತಿತು. ಅದೇ ಬಟ್ಟೆ, ಅದೇ ಬಣ್ಣ. ಅಷ್ಟು ದಿನ ಅದರ ಸ್ವಭಾವ ಎಂದು ನಾನು ತಿಳಿದಿದ್ದ ಸೋಮಾರಿತನ ಬರೀ ಮೂರು ಸೆಂಟಿಮೀಟರ್ ಆಗಿತ್ತು.

ಆ ರೆಕ್ಕೆಯನ್ನು ಇನ್ನೂ ಎರಡು ಚಳಿಗಾಲ ಹಾರಿಸಿದೆ. ಹೋದ ವರ್ಷ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಅದನ್ನು ಕೊಳ್ಳಲು ಬಂದ. ಅಂಗಳದಲ್ಲಿ ಹರಡಿ ತೋರಿಸಿದೆ. ಅವನು ಬಣ್ಣ ನೋಡಿದ, ಹೊಲಿಗೆ ನೋಡಿದ, "ಎಲ್ಲಾ ಚಲೋ ಅದ ಬಿಡ್ರಿ ಅಣ್ಣಾ, ರೇಟ್ ಹೇಳ್ರಿ" ಅಂದ. ಒಳಗೆ ಹೋಗಿ ಕಡತ ತಂದೆ. ಅದರಲ್ಲಿ ಮೂರು ತಪಾಸಣೆಯ ಹಾಳೆಗಳಿದ್ದವು, ಪ್ರತಿ ದಾರದ ಉದ್ದದೊಂದಿಗೆ. ಮೊದಲನೆಯದರಲ್ಲಿ ಹಿಂದಿನ ಸಾಲಿನ ಅಂಕಿಗಳಿಗೆ ಕೆಂಪು ಗೆರೆ ಇತ್ತು. ಅದು ಏನು ಎಂದು ಅವನು ಕೇಳಿದ. ಎಡಗೈ ಮಣಿಕಟ್ಟು ಮುಂದೆ ಹಿಡಿದು, "ಕೂಡಪ್ಪ, ಮೊದಲು ಇದನ್ನ ಹೇಳ್ತೀನಿ, ರೇಟ್ ಆಮೇಲೆ ಮಾತಾಡೋಣ" ಅಂದೆ.